ಊರಿನ ಆರೋಗ್ಯದ ಸೂಚನಾಫಲಕ

೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ನಮ್ಮ ಕಾಸರಗೋಡು ಸೀಮೆಯ ಮನೆಗಳಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಒಂದು ಸಂಖ್ಯೆಯನ್ನು ಕೇಳುವ ವಾಡಿಕೆ ಬಿದ್ದಿತ್ತು. ಈ ದಿನ ಕೋವಿಡ್ ತಗಲಿದವರು ಇಷ್ಟು, ಗುಣಹೊಂದಿದವರು ಇಷ್ಟು, ತೀರಿಕೊಂಡವರು ಇಷ್ಟು ಎಂದು ಟೆಲಿವಿಷನ್ ಹೇಳುತ್ತಿತ್ತು. ಮೊಬೈಲಿನ ಪರದೆಯು ತೋರಿಸುತ್ತಿತ್ತು. ಹಿರಿಯರು ಆ ಸಂಖ್ಯೆಯನ್ನು ಕೇಳಿ ನಿಟ್ಟುಸಿರಿಡುತ್ತಿದ್ದರು. ಕಿರಿಯರು ಅದನ್ನು ಕ್ರಿಕೆಟ್ಟಿನ ರನ್ನುಗಳಂತೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಆದರೆ ಆ ಸಂಖ್ಯೆಯಿಂದ ನಾವು ತಿಳಿದುಕೊಂಡುದೇನು? ಅದನ್ನು ಕೇಳಿದ ಮೇಲೆ ಮರುದಿನ ಬೆಳಗ್ಗೆ ನಾವು ಮಾಡಬೇಕಾದುದೇನು? ಈ ಪ್ರಶ್ನೆಗಳಿಗೆ ನಮ್ಮಲ್ಲಿ ಬಹುಮಂದಿಗೆ ಉತ್ತರ ತಿಳಿದಿರಲಿಲ್ಲ. ಅಧ್ಯಾಪಕರಾದ ನಮಗೂ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿಲ್ಲ.

ರೋಗಗಳ ಲೆಕ್ಕವನ್ನು ಜನರ ಕಣ್ಣಿಗೆ ಕಾಣುವಂತೆ ಇಡುವುದು ಒಂದು ಶಾಸ್ತ್ರ. ಅದನ್ನು ಅರಿತವನು ಅಂಕೆಗಳ ಮುಂದೆ ಹೆದರುವುದಿಲ್ಲ, ಮೋಸಹೋಗುವುದೂ ಇಲ್ಲ. ಆ ಶಾಸ್ತ್ರದ ಮೊದಲ ಪಾಠಗಳನ್ನು ಮಕ್ಕಳಿಗೂ ಅವರ ತಾಯ್ತಂದೆಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

೧. ಹೆಸರಿನ ಅರ್ಥ

ಇಂತಹ ಫಲಕಕ್ಕೆ ಈಗ ಲೋಕವೆಲ್ಲ ‘ಡ್ಯಾಶ್‌ಬೋರ್ಡ್’ ಎಂಬ ಹೆಸರನ್ನು ಕೊಟ್ಟಿದೆ. ಈ ಮಾತು ಹುಟ್ಟಿದ್ದು ಕುದುರೆಗಾಡಿಗಳ ಕಾಲದಲ್ಲಿ. ಓಡುವ ಕುದುರೆಯ ಗೊರಸಿನಿಂದ ಚಿಮ್ಮಿದ ಕೆಸರು ಗಾಡಿಯವನ ಮೇಲೆ ಸಿಡಿಯದಂತೆ ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಹಲಗೆಯೇ ಡ್ಯಾಶ್‌ಬೋರ್ಡ್. ಮೋಟಾರು ಬಂದ ಮೇಲೆ ಅದೇ ಜಾಗದಲ್ಲಿ ವೇಗವನ್ನೂ ಎಣ್ಣೆಯ ಮಟ್ಟವನ್ನೂ ಇಂಜಿನಿನ ಬಿಸಿಯನ್ನೂ ತೋರಿಸುವ ಮುಳ್ಳುಗಳು ಬಂದವು. ಈಗ ಗಣಕಯಂತ್ರದ ಪರದೆಯ ಮೇಲೆ ಅಂಕೆಗಳನ್ನು ಒಟ್ಟಾಗಿ ತೋರಿಸುವ ಫಲಕಕ್ಕೂ ಅದೇ ಹೆಸರು ನಿಂತಿದೆ. ಕನ್ನಡದಲ್ಲಿ ನಾವು ‘ಸೂಚನಾಫಲಕ’ ಎನ್ನೋಣ.

ಬಸ್ಸಿನ ಚಾಲಕನ ಮುಂದೆ ಇರುವ ಫಲಕವನ್ನು ಗಮನಿಸಿರಿ. ಬಸ್ಸು ಈ ವರ್ಷ ಎಷ್ಟು ಪ್ರಯಾಣಿಕರನ್ನು ಹೊತ್ತಿತೆಂಬುದು ಅಲ್ಲಿ ಇರುವುದಿಲ್ಲ. ಎಣ್ಣೆ ಮುಗಿಯುತ್ತ ಬಂದರೆ ಕೆಂಪು ದೀಪ ಹತ್ತುವುದು. ಚಾಲಕನು ಪಂಪಿನತ್ತ ತಿರುಗುವನು. ನೋಡಿದವನು ತಕ್ಷಣ ಏನು ಮಾಡಬೇಕೆಂಬುದನ್ನು ಹೇಳುವುದೇ ಆ ಫಲಕದ ಕೆಲಸ. ಊರಿನ ಆರೋಗ್ಯದ ಫಲಕಕ್ಕೂ ಇದೇ ಒರೆಗಲ್ಲು.

೨. ಹಿಂದಿನವರ ಅನುಭವ

ರೋಗದ ಲೆಕ್ಕವನ್ನು ಜನರ ಮುಂದಿಡುವ ಪದ್ಧತಿ ಹೊಸತಲ್ಲ. ಇಂಗ್ಲೆಂಡಿನ ಲಂಡನ್ ನಗರದಲ್ಲಿ ೧೭ನೆಯ ಶತಮಾನದಲ್ಲಿಯೇ ಪ್ರತಿ ವಾರವೂ ಮರಣಪಟ್ಟಿಗಳು ಅಚ್ಚಾಗಿ ಮಾರಾಟವಾಗುತ್ತಿದ್ದವು. ಯಾವ ರೋಗದಿಂದ ಎಷ್ಟು ಮಂದಿ ಸತ್ತರೆಂದು ಅವುಗಳಲ್ಲಿ ಬರೆದಿರುತ್ತಿತ್ತು. ಜಾನ್ ಗ್ರಾಂಟ್ ಎಂಬ ವರ್ತಕನು ಈ ಪಟ್ಟಿಗಳನ್ನು ವರ್ಷವರ್ಷಕ್ಕೆ ಹೋಲಿಸಿ ನೋಡಿ ೧೬೬೨ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಜನಸಂಖ್ಯಾಶಾಸ್ತ್ರಕ್ಕೆ ಅದೇ ತಳಹದಿಯಾಯಿತು.

ಮೂರು ವರ್ಷಗಳ ತರುವಾಯ, ೧೬೬೫ರಲ್ಲಿ, ಆ ನಗರದಲ್ಲಿ ಪ್ಲೇಗು ತಾಂಡವವಾಡಿತು. ಆ ವರ್ಷದ ಪಟ್ಟಿಯ ಪ್ರಕಾರ ಸತ್ತವರು ಒಟ್ಟು ೯೭,೩೦೬. ಅವರಲ್ಲಿ ಪ್ಲೇಗಿನಿಂದ ಸತ್ತವರು ೬೮,೫೯೬. ಆದರೆ ಈ ಲೆಕ್ಕವು ನಿಜಕ್ಕಿಂತ ಕಡಿಮೆಯೆಂದು ಆಗಿನವರೇ ಬಲ್ಲವರಾಗಿದ್ದರು. ಆ ಆಗಸ್ಟ್ ತಿಂಗಳ ಕೊನೆಯಲ್ಲಿ ಸಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿಯು ತನ್ನ ದಿನಚರಿಯಲ್ಲಿ, ವಾರದ ಪಟ್ಟಿಯು ಪ್ಲೇಗಿನಿಂದ ಸತ್ತವರು ೬,೧೦೨ ಎಂದಿದ್ದರೂ ನಿಜವಾದ ಸಂಖ್ಯೆಯು ೧೦,೦೦೦ಕ್ಕೆ ಸಮೀಪವೆಂಬ ಭಯವಿದೆಯೆಂದು ಬರೆದಿಟ್ಟನು. ಬಡವರ ಸಾವುಗಳು ಎಣಿಕೆಗೆ ಸಿಕ್ಕುತ್ತಿರಲಿಲ್ಲ. ಅಲ್ಲದೆ, ಪ್ಲೇಗು ಬಂದ ಮನೆಯ ಬಾಗಿಲಿಗೆ ಕೆಂಪು ಶಿಲುಬೆಯನ್ನು ಬರೆದು, ಒಳಗಿದ್ದ ರೋಗಿಗಳನ್ನೂ ಆರೋಗ್ಯವಂತರನ್ನೂ ಒಟ್ಟಿಗೆ ಕೂಡಿಹಾಕುತ್ತಿದ್ದರು. ಅಂತಹ ಶಿಕ್ಷೆಗೆ ಹೆದರಿದ ಜನರು ರೋಗದ ಹೆಸರನ್ನು ಮರೆಮಾಚಿದರೆ ಆಶ್ಚರ್ಯವೇನು? ಈ ಸಂಗತಿಯನ್ನು ನೆನಪಿನಲ್ಲಿಡಿರಿ. ಮುಂದೆ ನಮ್ಮ ಶಾಲೆಯ ಮಾತು ಬಂದಾಗ ಇದಕ್ಕೆ ಮತ್ತೆ ಬರುವೆವು.

ಎರಡನೆಯ ಉದಾಹರಣೆಯು ಅದೇ ನಗರದ್ದು. ೧೮೫೪ನೆಯ ಆಗಸ್ಟ್ ಅಂತ್ಯದಲ್ಲಿ ಲಂಡನಿನ ಸೋಹೋ ಎಂಬ ಮೊಹಲ್ಲೆಯಲ್ಲಿ ಕಾಲರಾ ಹಠಾತ್ತನೆ ಹಬ್ಬಿತು. ಕೆಟ್ಟ ಗಾಳಿಯಿಂದ ಈ ರೋಗ ಬರುವುದೆಂದು ಅಂದಿನ ಬಹುಮಂದಿ ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನಿಗೆ ನೀರಿನ ಮೇಲೆ ಸಂಶಯ. ಅವನು ಸರಕಾರದ ಮರಣ ನೋಂದಣಿ ಕಚೇರಿಯಿಂದ ೮೩ ಸಾವುಗಳ ಪಟ್ಟಿಯನ್ನು ಪಡೆದು, ಒಂದೊಂದು ಮನೆಯನ್ನೂ ವಿಚಾರಿಸಿದನು. ಬಹುಪಾಲು ಸಾವುಗಳು ಬ್ರಾಡ್ ಬೀದಿಯ ಕೈಪಂಪಿನ ಸುತ್ತಲೇ ಆಗಿದ್ದವು. ಬೇರೊಂದು ಪಂಪು ಸಮೀಪವಾಗಿದ್ದ ಮನೆಗಳಲ್ಲಿ ಆದ ಸಾವುಗಳು ೧೦ ಮಾತ್ರ. ಅವುಗಳನ್ನೂ ಅವನು ಬಿಡಲಿಲ್ಲ. ಐದು ಕಡೆಯ ಮನೆಯವರು ತಾವು ಬ್ರಾಡ್ ಬೀದಿಯ ನೀರನ್ನೇ ತರಿಸುತ್ತಿದ್ದೆವೆಂದರು. ಮತ್ತೆ ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು! ಅದೇ ಮೊಹಲ್ಲೆಯ ಅನಾಥಾಲಯದಂತಹ ಒಂದು ದುಡಿಮೆಯ ಮನೆಯಲ್ಲಿ ೫೩೫ ಜನರಿದ್ದರೂ ಕಾಲರಾದಿಂದ ಸತ್ತವರು ಐವರು ಮಾತ್ರ. ಅವರಿಗೆ ಸ್ವಂತ ಬಾವಿಯಿತ್ತು. ಸ್ನೋ ಈ ಸಂಗತಿಗಳನ್ನು ಅಲ್ಲಿಯ ಸ್ಥಳೀಯ ಮಂಡಲಿಯ ಮುಂದಿಟ್ಟನು. ಸೆಪ್ಟೆಂಬರ್ ೮ರಂದು ಪಂಪಿನ ಹಿಡಿಕೆಯನ್ನು ತೆಗೆಯಲಾಯಿತು.

ಆ ವೇಳೆಗೆ ರೋಗವು ತಾನಾಗಿಯೇ ಇಳಿಮುಖವಾಗಿತ್ತೆಂಬುದನ್ನು ಸ್ನೋ ಸ್ವತಃ ಒಪ್ಪಿಕೊಂಡಿದ್ದನು. ಒಂದೊಂದು ಸಾವಿಗೂ ಒಂದೊಂದು ಕಪ್ಪು ಗೆರೆಯನ್ನು ಮನೆಯ ಸ್ಥಾನದಲ್ಲಿ ಎಳೆದ ಅವನ ಪ್ರಸಿದ್ಧ ನಕ್ಷೆಯೂ ಆಮೇಲೆ ಸಿದ್ಧವಾದುದು. ಆದರೂ ಆ ನಕ್ಷೆಯೇ ಇಂದಿನ ಎಲ್ಲ ಆರೋಗ್ಯ ಫಲಕಗಳ ಪೂರ್ವಜ. ಕಾರಣವಿಷ್ಟೆ: ಅದನ್ನು ನೋಡಿದ ಸಾಮಾನ್ಯನಿಗೂ ಕೈಹಾಕಬೇಕಾದ ಜಾಗವು ಯಾವುದೆಂದು ಕಾಣುತ್ತದೆ.

ಮೂರನೆಯ ಹೆಸರು ಫ್ಲಾರೆನ್ಸ್ ನೈಟಿಂಗೇಲ್. ದಾದಿಯರ ತಾಯಿಯೆಂದು ನೀವು ಪಾಠದಲ್ಲಿ ಓದಿರುವ ಈ ಮಹಿಳೆ ಅಂಕಿಅಂಶಗಳಲ್ಲಿಯೂ ನಿಪುಣೆ. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತಲೂ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಆಕೆ ೧೮೫೮ರಲ್ಲಿ ಬೀಸಣಿಗೆಯಂತಹ ಒಂದು ಬಣ್ಣದ ಚಿತ್ರದಲ್ಲಿ ತೋರಿಸಿದಳು. ತಿಂಗಳಿಗೊಂದು ಎಸಳು, ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದುದಕ್ಕೆ ಕಪ್ಪು. ಉದ್ದದ ಕೋಷ್ಟಕಗಳನ್ನು ಓದುವ ತಾಳ್ಮೆಯಿಲ್ಲದ ಅಧಿಕಾರಿಗಳಿಗೆ ಆ ನೀಲಿಯ ಹರವನ್ನು ಕಾಣದಿರಲು ಸಾಧ್ಯವಿರಲಿಲ್ಲ.

೩. ನಮ್ಮ ದೇಶದ ವ್ಯವಸ್ಥೆ

ಭಾರತದಲ್ಲಿ ರೋಗಗಳ ಕಣ್ಗಾವಲಿಗಾಗಿ ೨೦೦೪ರಲ್ಲಿ ಒಂದು ಸಮಗ್ರ ಯೋಜನೆಯು ಆರಂಭವಾಯಿತು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯು ಲಕ್ಷಣಗಳನ್ನು ನೋಡಿ ಬರೆಯುವುದು ಒಂದು ನಮೂನೆ. ವೈದ್ಯರು ಪರೀಕ್ಷಿಸಿ ಬರೆಯುವುದು ಎರಡನೆಯದು. ಪ್ರಯೋಗಾಲಯವು ರಕ್ತ ಮೊದಲಾದುವುಗಳನ್ನು ಶೋಧಿಸಿ ಬರೆಯುವುದು ಮೂರನೆಯದು. ಸೋಮವಾರದಿಂದ ಭಾನುವಾರದವರೆಗಿನ ಒಂದು ವಾರದ ಲೆಕ್ಕವು ಊರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದಿಲ್ಲಿಗೆ ಹೋಗುತ್ತಿತ್ತು. ೨೦೧೮ರಲ್ಲಿ ಕೆಲವು ರಾಜ್ಯಗಳಲ್ಲಿ ಮೊದಲಾಗಿ ೨೦೨೧ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಹೊಸ ಜಾಲದಲ್ಲಿ ಈ ಕೆಲಸವು ಗಣಕಯಂತ್ರದ ಮೂಲಕ ನಡೆಯುತ್ತದೆ. ನಮ್ಮ ಕೇರಳದ ಆರೋಗ್ಯ ಇಲಾಖೆಯು ಜ್ವರ, ಡೆಂಗಿ, ಇಲಿಜ್ವರ ಮೊದಲಾದುವುಗಳ ದಿನದಿನದ ಲೆಕ್ಕವನ್ನು ಪ್ರಕಟಿಸುತ್ತಲೂ ಬಂದಿದೆ.

ಹೀಗೆ ಫಲಕದ ಮೇಲಿನ ಒಂದೊಂದು ಅಂಕೆಯ ಹಿಂದೆಯೂ ಬಿಸಿಲಿನಲ್ಲಿ ನಡೆದ ಒಬ್ಬ ಆಶಾ ಕಾರ್ಯಕರ್ತೆ, ಚೀಟಿ ಬರೆದ ಒಬ್ಬ ವೈದ್ಯ, ಸೂಕ್ಷ್ಮದರ್ಶಕದ ಮುಂದೆ ಕುಳಿತ ಒಬ್ಬ ತಂತ್ರಜ್ಞರಿದ್ದಾರೆ. ಅವರಲ್ಲಿ ಯಾರೊಬ್ಬರ ಕೆಲಸವು ತಪ್ಪಿದರೂ ಪರದೆಯ ಅಂದಚಂದಗಳಿಂದ ಪ್ರಯೋಜನವಿಲ್ಲ.

೪. ಒಳ್ಳೆಯ ಫಲಕದ ಲಕ್ಷಣಗಳು

(ಅ) ಪ್ರಮಾಣ. ಎರಡು ಊರುಗಳಿವೆಯೆಂದು ಭಾವಿಸಿರಿ. ಮೊದಲನೆಯ ಊರಿನಲ್ಲಿ ೪೦,೦೦೦ ಜನರಿದ್ದು ೨೦ ಮಂದಿಗೆ ಡೆಂಗಿ ಬಂದಿದೆ. ಎರಡನೆಯದರಲ್ಲಿ ೮,೦೦೦ ಜನರಿದ್ದು ೧೨ ಮಂದಿಗೆ ಬಂದಿದೆ. ಯಾವ ಊರಿನ ಸ್ಥಿತಿ ಕೆಟ್ಟಿದೆ? ಬರಿಯ ಸಂಖ್ಯೆಯನ್ನು ನೋಡಿದವನು ಮೊದಲನೆಯದೆನ್ನುವನು. ೧೦,೦೦೦ ಜನರಿಗೆ ಎಷ್ಟೆಂದು ಲೆಕ್ಕಹಾಕಿದರೆ ಮೊದಲ ಊರಿಗೆ ೫, ಎರಡನೆಯದಕ್ಕೆ ೧೫. ಹೊಗೆ ಹಾಕುವ ಯಂತ್ರವು ಒಂದೇ ಇದ್ದರೆ ಅದು ಮೊದಲು ಎರಡನೆಯ ಊರಿಗೆ ಹೋಗತಕ್ಕದ್ದು. ಆದರೆ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಬೇಕೆಂಬ ಪ್ರಶ್ನೆಗೆ ಬರಿಯ ಸಂಖ್ಯೆಯೇ ಉತ್ತರ. ಆದುದರಿಂದ ಫಲಕವು ಎರಡನ್ನೂ ತೋರಿಸತಕ್ಕದ್ದು.

(ಆ) ಹೋಲಿಕೆ. ಈ ವಾರ ೯ ಮಂದಿಗೆ ಇಲಿಜ್ವರ ಎಂದರೆ ಅದು ಹೆಚ್ಚೋ ಕಡಿಮೆಯೋ? ಕಳೆದ ಐದು ವರ್ಷಗಳಲ್ಲಿ ಇದೇ ವಾರದ ಸಂಖ್ಯೆಗಳು ೩, ೫, ೪, ೨೧, ೬ ಆಗಿದ್ದವೆಂದಿಟ್ಟುಕೊಳ್ಳೋಣ. ಸರಾಸರಿಯನ್ನು ತೆಗೆದರೆ ೭.೮, ಒಂಬತ್ತು ಅದಕ್ಕಿಂತ ಅಷ್ಟೇನೂ ದೂರವಿಲ್ಲವೆಂದು ತೋರುವುದು. ಆದರೆ ೨೧ ಎಂಬುದು ಒಂದು ಕೆಟ್ಟ ವರ್ಷದ ಲೆಕ್ಕ; ಸರಾಸರಿಯನ್ನು ಅದೊಂದೇ ಮೇಲಕ್ಕೆಳೆದಿದೆ. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿದರೆ ೫ ಸಿಕ್ಕುವುದು. ಇದಕ್ಕೆ ಮಧ್ಯಾಂಕವೆಂದು ಹೆಸರು. ಮಧ್ಯಾಂಕದೊಂದಿಗೆ ಹೋಲಿಸಿದಾಗ ಈ ವಾರದ ೯ ಎಚ್ಚರಿಕೆಯ ಗಂಟೆಯಾಗುತ್ತದೆ. ಎಂಟನೆಯ ತರಗತಿಯ ಗಣಿತವನ್ನು ಏಕೆ ಕಲಿಯಬೇಕೆಂದು ಕೇಳುವ ಹುಡುಗರಿಗೆ ಇದೇ ನಮ್ಮ ಉತ್ತರ.

(ಇ) ಒಟ್ಟು ಲೆಕ್ಕ ಮತ್ತು ಈಗಿನ ಲೆಕ್ಕ. ಕೋವಿಡ್‌ನ ಮೊದಲ ದಿನಗಳಲ್ಲಿ ಲೋಕಪ್ರಸಿದ್ಧವಾದ ಫಲಕವೊಂದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ೨೦೨೦ನೆಯ ಜನವರಿ ೨೨ರಂದು ಆರಂಭಿಸಿ ೨೦೨೩ನೆಯ ಮಾರ್ಚ್ ೧೦ರವರೆಗೆ ನಡೆಸಿದರು. ಕಪ್ಪು ನಕ್ಷೆಯ ಮೇಲೆ ಕೆಂಪು ವೃತ್ತಗಳು. ವೃತ್ತಗಳು ಬೆಳೆಯುತ್ತಲೇ ಹೋದವು. ಜಗತ್ತಿನ ಸುದ್ದಿಯನ್ನು ಒಂದೆಡೆ ಕಂಡುದು ಮಹೋಪಕಾರವೇ. ಆದರೆ ಮೊದಲಿನಿಂದ ಕೂಡಿಸುತ್ತ ಬಂದ ಒಟ್ಟು ಲೆಕ್ಕವು ಎಂದೂ ಇಳಿಯಲಾರದು. ನಮ್ಮ ಜಿಲ್ಲೆಯನ್ನೇ ನೋಡಿರಿ. ೨೦೨೦ನೆಯ ಮಾರ್ಚ್ ಕೊನೆಯಲ್ಲಿ ಕೇರಳದಲ್ಲಿ ಅತಿ ಹೆಚ್ಚು ರೋಗಿಗಳಿದ್ದ ಜಿಲ್ಲೆ ಕಾಸರಗೋಡು. ಮೇ ೧೦ರ ಹೊತ್ತಿಗೆ ಆವರೆಗೆ ಸೋಂಕು ತಗಲಿದ್ದ ೧೭೮ ಮಂದಿಯೂ ಗುಣಹೊಂದಿ ಮನೆ ಸೇರಿದ್ದರು. ಒಟ್ಟು ಲೆಕ್ಕದ ಫಲಕದಲ್ಲಿ ಆ ದಿನವೂ ೧೭೮ ಎಂದೇ ಇರುವುದು; ಚಿಕಿತ್ಸೆಯಲ್ಲಿರುವವರ ಫಲಕದಲ್ಲಿ ಸೊನ್ನೆ. ಎರಡೂ ಸತ್ಯವೇ. ಆದರೆ ಮೊದಲನೆಯದನ್ನು ಮಾತ್ರ ಕಂಡವನು ನಮ್ಮ ಮಕ್ಕಳನ್ನು ನೋಡಿ ಹಿಂದೆ ಸರಿಯುವನು.

(ಈ) ಸೊನ್ನೆ ಮತ್ತು ಖಾಲಿ. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆ ಏನನ್ನೂ ಬರೆಯದಿದ್ದರೆ ಅವನು ಬಂದಿಲ್ಲವೆಂದೇ, ಹಾಜರಿಯನ್ನು ತೆಗೆಯಲಿಲ್ಲವೆಂದೇ? ರೋಗದ ಲೆಕ್ಕದಲ್ಲಿಯೂ ‘ರೋಗಿಗಳಿಲ್ಲ’ ಎಂಬುದು ಬೇರೆ, ‘ವರದಿ ಬಂದಿಲ್ಲ’ ಎಂಬುದು ಬೇರೆ. ೨೦೨೦ನೆಯ ಸೆಪ್ಟೆಂಬರ್ ೨೫ರಿಂದ ಅಕ್ಟೋಬರ್ ೨ರವರೆಗೆ ಇಂಗ್ಲೆಂಡಿನಲ್ಲಿ ೧೫,೮೪೧ ಕೋವಿಡ್ ರೋಗಿಗಳ ಹೆಸರು ದಿನದ ಲೆಕ್ಕದಿಂದ ಬಿಟ್ಟುಹೋದವು. ಬಳಸಿದ ಹಳೆಯ ರೀತಿಯ ಎಕ್ಸೆಲ್ ಹಾಳೆಯಲ್ಲಿ ೬೫,೫೩೬ಕ್ಕಿಂತ ಹೆಚ್ಚು ಸಾಲುಗಳು ಹಿಡಿಸುತ್ತಿರಲಿಲ್ಲ. ತುಂಬಿದ ಮೇಲೆ ಬಂದುವು ಮೌನವಾಗಿ ಹೊರಗುಳಿದವು. ಆ ದಿನಗಳಲ್ಲಿ ಅವರೊಡನೆ ಒಡನಾಡಿದವರಿಗೆ ಎಚ್ಚರಿಕೆಯು ತಡವಾಗಿ ಮುಟ್ಟಿತು. ಆದುದರಿಂದ ವರದಿ ಬಾರದ ಜಾಗವನ್ನು ಬೂದುಬಣ್ಣದಿಂದಲೋ ಅಡ್ಡಗೆರೆಯಿಂದಲೋ ಬೇರೆಯಾಗಿಯೇ ತೋರಿಸತಕ್ಕದ್ದು.

(ಉ) ದಿನಾಂಕ. ಸೋಮವಾರ ಜ್ವರ ಬಂದವನು ಬುಧವಾರ ವೈದ್ಯರ ಬಳಿಗೆ ಹೋದನು. ಶುಕ್ರವಾರ ರಕ್ತಪರೀಕ್ಷೆಯ ಫಲ ಬಂತು. ಶನಿವಾರ ಲೆಕ್ಕಕ್ಕೆ ಸೇರಿತು. ಅವನನ್ನು ಯಾವ ದಿನದಲ್ಲಿ ಎಣಿಸಬೇಕು? ರೋಗವು ಹೇಗೆ ಹಬ್ಬಿತೆಂದು ತಿಳಿಯಲು ಸೋಮವಾರದಲ್ಲಿಯೇ ಎಣಿಸಬೇಕು. ಹಾಗೆ ಎಣಿಸಿದರೆ ಇನ್ನೊಂದು ತೊಡಕು ಬರುವುದು: ಕೊನೆಯ ನಾಲ್ಕೈದು ದಿನಗಳ ರೋಗಿಗಳು ಇನ್ನೂ ಲೆಕ್ಕಕ್ಕೆ ಬಂದಿರುವುದಿಲ್ಲವಾದ್ದರಿಂದ ಗೆರೆಯ ತುದಿಯು ಯಾವಾಗಲೂ ಇಳಿದಂತೆಯೇ ಕಾಣುತ್ತದೆ. ಆ ಇಳಿತವನ್ನು ನಂಬಿ ಔಷಧದ ಪೆಟ್ಟಿಗೆಯನ್ನು ಮುಚ್ಚಿದವರು ಕೆಡುವರು. ಒಳ್ಳೆಯ ಫಲಕದಲ್ಲಿ ಆ ತುದಿಯನ್ನು ಚುಕ್ಕೆಗೆರೆಯಿಂದ ಬರೆದು ‘ಲೆಕ್ಕ ಪೂರ್ಣವಾಗಿಲ್ಲ’ ಎಂದು ಸೂಚಿಸಿರುತ್ತಾರೆ.

(ಊ) ಅಳತೆಗೋಲಿನ ದೋಷ. ೨೦೨೧ನೆಯ ಜೂನ್‌ನಲ್ಲಿ ನಮ್ಮ ರಾಜ್ಯದ ಪಂಚಾಯತು ನಗರಸಭೆಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಅಂಗಡಿಗಳನ್ನು ಯಾವಾಗ ತೆರೆಯಬೇಕೆಂದು ನಿರ್ಣಯಿಸುತ್ತಿದ್ದುದು ವ್ಯಾಪಾರಿಗಳಾದ ಪಾಲಕರಿಗೆ ನೆನಪಿರಬಹುದು. ಪರೀಕ್ಷಿಸಿದ ನೂರು ಜನರಲ್ಲಿ ಎಷ್ಟು ಮಂದಿಗೆ ರೋಗವಿದೆಯೆಂಬುದೇ ಆಗಿನ ಅಳತೆಗೋಲು. ಇದರಲ್ಲಿ ಒಂದು ದೋಷವಿದೆ. ಜ್ವರವಿದ್ದವರನ್ನು ಮಾತ್ರ ಪರೀಕ್ಷಿಸಿದರೆ ಈ ಪ್ರಮಾಣವು ಏರುವುದು. ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ ಇಳಿಯುವುದು. ಊರಿನ ರೋಗವು ಮಾತ್ರ ಇದ್ದಷ್ಟೇ ಇರುವುದು. ಅದೇ ವರ್ಷದ ಆಗಸ್ಟ್‌ನಲ್ಲಿ ಸರಕಾರವು ಆ ಕೋಲನ್ನು ಬಿಟ್ಟು, ಒಂದು ವಾರದಲ್ಲಿ ೧,೦೦೦ ಜನರಲ್ಲಿ ಎಷ್ಟು ಮಂದಿಗೆ ಸೋಂಕು ತಗಲಿತೆಂಬ ಲೆಕ್ಕಕ್ಕೆ ಬಂದಿತು. ಯಾವ ಅಂಕೆಯನ್ನು ಹಿಡಿದು ಬೀಗ ಹಾಕುವರೋ ತೆರೆಯುವರೋ, ಆ ಅಂಕೆಯನ್ನೇ ಬಾಗಿಸುವ ಆಸೆಯು ಮನುಷ್ಯರಿಗೆ ಹುಟ್ಟುವುದು ಸಹಜ. ಫಲಕವನ್ನು ರಚಿಸುವವನು ಇದನ್ನು ಮರೆಯಕೂಡದು.

(ಋ) ಬಣ್ಣ ಮತ್ತು ಭಾಷೆ. ಕೆಂಪು ಹಸುರುಗಳ ಭೇದವನ್ನು ಕಾಣಲಾರದ ಕಣ್ಣುಗಳು ಕೆಲವರಿಗೆ ಹುಟ್ಟಿನಿಂದಲೇ ಇರುತ್ತವೆ. ಅದು ಗಂಡಸರಲ್ಲಿ ಹೆಚ್ಚು. ಬಣ್ಣದೊಂದಿಗೆ ಅಕ್ಷರವೂ ಇರಲಿ. ಅಕ್ಷರವಾದರೋ ಓದುವವರ ಅಕ್ಷರವಾಗಿರಲಿ. ನಮ್ಮ ಗ್ರಾಮಗಳ ಅನೇಕ ಅಜ್ಜಿಯಂದಿರು ತುಳುವನ್ನೋ ಕನ್ನಡವನ್ನೋ ಮನೆಯಲ್ಲಿಯೂ ಮಲಯಾಳವನ್ನು ಪೇಟೆಯಲ್ಲಿಯೂ ಸರಾಗವಾಗಿ ಆಡಬಲ್ಲರು. ಓದುವುದಾದರೆ ಕನ್ನಡದ ಅಕ್ಷರವನ್ನು ಮಾತ್ರ ಬಲ್ಲರು. ನೀರನ್ನು ಕುದಿಸಿ ಕುಡಿಯಿರಿ ಎಂಬ ಒಂದು ಸಾಲು ಅವರಿಗೆ ಓದಲು ಬಾರದ ಲಿಪಿಯಲ್ಲಿದ್ದರೆ, ಮನೆಯ ಒಲೆಯ ಮುಂದೆ ಕುಳಿತವರಿಗೇ ಆ ಫಲಕವು ಮೂಕವಾಯಿತು.

೫. ನಮ್ಮ ಶಾಲೆಯಲ್ಲಿ ನಡೆದುದು

ಈಗ ನಮ್ಮ ಸ್ವಂತ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಒಂದು ವರ್ಷದ ಮಳೆಗಾಲದಲ್ಲಿ ನಮ್ಮ ಶಾಲೆಯ ಮಕ್ಕಳಲ್ಲಿ ಕಾಮಾಲೆಯು ಕಾಣಿಸಿಕೊಂಡಿತು. ಅಧ್ಯಾಪಕರಾದ ನಾವು ಉತ್ಸಾಹದಿಂದ ಕಚೇರಿಯ ಹೊರಗೆ ಒಂದು ಕರಿಹಲಗೆಯನ್ನು ನಿಲ್ಲಿಸಿ, ರೋಗ ಬಂದ ಮಕ್ಕಳ ಹೆಸರು, ತರಗತಿ, ರಜೆ ಹಾಕಿದ ದಿನಾಂಕ ಇವನ್ನು ಅಂದವಾಗಿ ಬರೆಯಿಸಿದೆವು. ಎಲ್ಲರಿಗೂ ತಿಳಿದರೆ ಎಲ್ಲರೂ ಎಚ್ಚರವಾಗಿರುವರೆಂಬುದು ನಮ್ಮ ಎಣಿಕೆ. ಮೊದಲ ವಾರದಲ್ಲಿ ಆರು ಹೆಸರುಗಳಾದವು. ಎರಡನೆಯ ವಾರದಲ್ಲಿ ಎರಡು. ಮೂರನೆಯ ವಾರದಲ್ಲಿ ಒಂದೂ ಇಲ್ಲ. ರೋಗವು ತೊಲಗಿತೆಂದು ಪ್ರಾರ್ಥನೆಯ ವೇಳೆಯಲ್ಲಿ ಪ್ರಕಟಿಸಿಯೂ ಬಿಟ್ಟೆವು.

ಆ ದಿನವೇ ಮಧ್ಯಾಹ್ನ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಬಂದು, ಮನೆಗಳಲ್ಲಿ ರೋಗವು ಏರುತ್ತಲೇ ಇದೆಯೆಂದು ತಿಳಿಸಿದರು. ನಾವು ರಜೆಯ ಅರ್ಜಿಗಳನ್ನು ತೆಗೆದು ನೋಡಿದೆವು. ‘ಅಜ್ಜನ ಮನೆಗೆ ಹೋಗಿದ್ದಾನೆ’, ‘ಮದುವೆಯಿದೆ’, ‘ಕಾಲು ಉಳುಕಿದೆ’ ಎಂದು ಒಂದರ ಮೇಲೊಂದು. ಅದೇ ವಾರ ಒಬ್ಬ ಹುಡುಗನ ತಾಯಿ ಶಾಲೆಗೆ ಬಂದಿದ್ದರು. ಮಗನನ್ನು ಜೊತೆಯವರು ‘ಹಳದಿ’ ಎಂದು ಕೂಗುತ್ತಾರೆಂದೂ, ಅವನ ಬಳಿ ಯಾರೂ ಊಟಕ್ಕೆ ಕುಳಿತುಕೊಳ್ಳುವುದಿಲ್ಲವೆಂದೂ ಹೇಳಿದರು. ಕೊನೆಗೆ, “ಮಾಷ್ಟ್ರೇ, ಹುಡುಗನ ಹೆಸರನ್ನು ನೀವು ಬೋರ್ಡಿಗೆ ಹಾಕಿದ ಮೇಲೆ ನಾವು ನಿಮಗೆ ನಿಜ ಹೇಳುವುದು ಹೇಗೆ?” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

೧೬೬೫ರ ಲಂಡನಿನಲ್ಲಿ ಬಾಗಿಲಿಗೆ ಕೆಂಪು ಶಿಲುಬೆಯನ್ನು ಬರೆದವರಿಗಿಂತ ನಾವು ಬೇರೆಯೇನನ್ನು ಮಾಡಿದ್ದೆವು? ಅವರ ಪಟ್ಟಿಯು ಸುಳ್ಳಾದಂತೆ ನಮ್ಮ ಹಲಗೆಯೂ ಸುಳ್ಳಾಗಿತ್ತು. ಆ ಸಂಜೆಯೇ ಹೆಸರುಗಳನ್ನು ಒರೆಸಿದೆವು. ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆವು.

ಮರುವಾರ ಬೇರೊಂದು ಹಲಗೆ ಸಿದ್ಧವಾಯಿತು. ಅದರಲ್ಲಿ ಹೆಸರಿಲ್ಲ, ತರಗತಿಯೂ ಇಲ್ಲ. ಯಾವ ವಾರ, ಶಾಲೆಯಲ್ಲಿ ಒಟ್ಟು ಎಷ್ಟು ಮಂದಿ, ಕೆಳಗೆ ದಪ್ಪಕ್ಷರದಲ್ಲಿ ‘ಇಂದು ಮಾಡತಕ್ಕದ್ದು’ ಎಂಬ ಎರಡು ಸಾಲು: ಕುದಿಸಿದ ನೀರನ್ನು ಮನೆಯಿಂದ ತನ್ನಿರಿ, ಕೈಯನ್ನು ಸಾಬೂನಿನಿಂದ ತೊಳೆಯಿರಿ. ಯಾರ ಮನೆ ಎಲ್ಲಿ, ಕುಡಿಯುವ ನೀರು ಬಾವಿಯದೋ ಸುರಂಗದ್ದೋ ನಳದ್ದೋ ಎಂಬುದನ್ನು ಬೇರೊಂದು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಟ್ಟು, ಆರೋಗ್ಯ ಇಲಾಖೆಯವರಿಗೆ ಮಾತ್ರ ತೋರಿಸಿದೆವು. ಜನರಿಗೆ ಬೇಕಾದ ಫಲಕವೇ ಬೇರೆ, ಪರಿಹಾರ ಮಾಡುವವರಿಗೆ ಬೇಕಾದ ಫಲಕವೇ ಬೇರೆ ಎಂಬ ಪಾಠವನ್ನು ಹೀಗೆ ಕಲಿತೆವು.

ಅರ್ಜಿಗಳಲ್ಲಿ ಮೆಲ್ಲನೆ ನಿಜವು ಬರತೊಡಗಿತು. ಆ ಪುಸ್ತಕವನ್ನು ನೋಡಿದ ಆರೋಗ್ಯ ನಿರೀಕ್ಷಕರು ಬಹುಪಾಲು ಮಕ್ಕಳು ಗುಡ್ಡದ ಒಂದೇ ಬದಿಯವರೆಂದೂ, ಮಳೆಯ ಹರಿನೀರು ಇಳಿಯುವ ಕಟ್ಟೆಯಿಲ್ಲದ ಬಾವಿಯೊಂದನ್ನು ಅವರು ಬಳಸುತ್ತಾರೆಂದೂ ಕಂಡುಕೊಂಡು, ಅದಕ್ಕೆ ತಕ್ಕ ಪ್ರಮಾಣದಲ್ಲಿ ಬ್ಲೀಚಿಂಗ್ ಪೌಡರನ್ನು ಹಾಕಿಸಿದರು. ಮುಂದಿನ ಎರಡು ವಾರ ಸಂಖ್ಯೆಯು ಏರಿತೇ ಹೊರತು ಇಳಿಯಲಿಲ್ಲ. ಜನರು ಗೊಣಗಿದರು. ಕೆಟ್ಟ ನೀರಿನಿಂದ ಬರುವ ಈ ಬಗೆಯ ಕಾಮಾಲೆಯು ರೋಗಾಣು ಒಳಹೊಕ್ಕ ಸುಮಾರು ನಾಲ್ಕು ವಾರಗಳ ತರುವಾಯ ತಲೆದೋರುವುದೆಂದು ಆರೋಗ್ಯ ನಿರೀಕ್ಷಕರು ವಿವರಿಸಿದ ಮೇಲೆ, ‘ಫಲವು ಕಾಣಲು ಒಂದು ತಿಂಗಳು ಬೇಕು’ ಎಂದು ಹಲಗೆಯ ಮೇಲೆ ಬರೆದೆವು. ತಿಂಗಳು ಕಳೆದ ಮೇಲೆ ಇಳಿಯಿತು. ಫಲಕವು ಸತ್ಯವನ್ನು ಹೇಳಿದರೆ ಸಾಲದು. ಕಾಯಬೇಕಾದ ಕಾಲವನ್ನೂ ಹೇಳಬೇಕು.

೬. ಗಡಿ ಮತ್ತು ಅಂಕೆ

ಗಡಿನಾಡಿನವರಾದ ನಾವು ಕೊನೆಯದಾಗಿ ಒಂದು ಮಾತನ್ನು ವಿಶೇಷವಾಗಿ ಯೋಚಿಸಬೇಕಾಗಿದೆ. ೧೯೫೭ರಲ್ಲಿ ಈಗಿನ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜೊತೆಯಲ್ಲಿಯೇ ಕಾಡಿನಂಚಿನ ಜನರಿಗೆ ತೀವ್ರವಾದ ಜ್ವರ ಬಂತು. ಉಣುಗುಗಳ ಮೂಲಕ ಹರಡುವ ಆ ರೋಗಕ್ಕೆ ಮಂಗನ ಕಾಯಿಲೆಯೆಂದು ಹೆಸರಾಯಿತು. ಬಹುಕಾಲ ಮಲೆನಾಡಿನದೆಂದೇ ತಿಳಿದಿದ್ದ ಆ ಕಾಯಿಲೆಯು ೨೦೧೩ರಲ್ಲಿ ಕೇರಳದ ವಯನಾಡಿನಲ್ಲಿಯೂ ಕಾಣಿಸಿಕೊಂಡು ೨೦೧೫ರಲ್ಲಿ ಬಲವಾಯಿತು. ಮಂಗಗಳಿಗೆ ರಾಜ್ಯದ ಎಲ್ಲೆ ತಿಳಿಯದು, ಉಣುಗಿಗೂ ತಿಳಿಯದು. ಮನುಷ್ಯನಿಗೆ ಜ್ವರ ಬರುವ ಮೊದಲೇ ಕಾಡಿನಲ್ಲಿ ಸತ್ತ ಮಂಗವು ಎಚ್ಚರಿಕೆಯನ್ನು ಕೊಡುತ್ತದೆ. ಆ ಸುದ್ದಿಯನ್ನು ಎಲ್ಲೆಯ ಎರಡೂ ಕಡೆಯ ಫಲಕಗಳು ಒಂದೇ ದಿನ ತೋರಿಸಿದರೆ ಸೌದೆಗೆ ಹೋಗುವ ಎಷ್ಟೋ ಜನರ ಜೀವ ಉಳಿಯುವುದು.

ರೋಗಿಗಳಿಗಾದರೂ ಎಲ್ಲೆಯುಂಟೆ? ಮಂಜೇಶ್ವರದವರಿಗೆ ಕಾಯಿಲೆ ಬಂದರೆ ಮಂಗಳೂರಿನ ಆಸ್ಪತ್ರೆಯೇ ಹತ್ತಿರ. ೨೦೨೦ನೆಯ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆಯನ್ನು ಮುಚ್ಚಿದಾಗ ಅದರ ಬೆಲೆಯೇನೆಂಬುದನ್ನು ನಮ್ಮ ಜನರು ಅರಿತರು. ವಿಷಯವು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಇಡೀ ಜಿಲ್ಲೆಗೆ ಒಂದೇ ಬಣ್ಣವನ್ನು ಬಳಿದ ನಕ್ಷೆಯನ್ನು ದೂರದಿಂದ ನೋಡಿದವರಿಗೆ, ಯಾವ ಊರಿನಲ್ಲಿ ರೋಗವಿದೆ, ಯಾವುದರಲ್ಲಿಲ್ಲ ಎಂಬುದು ಕಾಣುವುದಿಲ್ಲ. ಕೆಂಪು ಬಣ್ಣವೊಂದೇ ಕಾಣುವುದು. ಸಾಧಾರಣ ದಿನಗಳಲ್ಲಿಯೂ ಇದೇ ಪ್ರಶ್ನೆಯು ಬೇರೊಂದು ರೂಪದಲ್ಲಿದೆ. ಮಂಗಳೂರಿನಲ್ಲಿ ಡೆಂಗಿಗೆ ಚಿಕಿತ್ಸೆ ಪಡೆದವನ ವರದಿಯು ಅವನ ಮನೆಯಿರುವ ಪಂಚಾಯತಿಗೆ ಬಂದು ತಲುಪದಿದ್ದರೆ, ಸೊಳ್ಳೆಯಿರುವ ಅಡಿಕೆ ತೋಟವು ಇಲ್ಲಿ, ಅಂಕೆಯು ಅಲ್ಲಿ ಎಂಬಂತಾಗುವುದು. ಬಿದ್ದ ಹಾಳೆಯಲ್ಲಿಯೂ ರಬ್ಬರ್ ಮರದ ಗೆರಟೆಯಲ್ಲಿಯೂ ನಿಂತ ನೀರನ್ನು ಚೆಲ್ಲಲು ಯಾರೂ ಬರಲಾರರು. ಆದುದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟು: ಗಡಿಯಾಚೆಯಲ್ಲಿ ಚಿಕಿತ್ಸೆ ಪಡೆದುಬಂದರೆ ಆ ಚೀಟಿಯನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತೋರಿಸಿರಿ. ಒಂದು ಚೀಟಿಯು ಹತ್ತು ಮನೆಗಳನ್ನು ಕಾಯಬಹುದು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಕೆಲವರು ಗಣಕಯಂತ್ರದ ತಜ್ಞರಾಗಿ ಇಂತಹ ಫಲಕಗಳನ್ನು ರಚಿಸುವಿರಿ. ಆಗ ಪರದೆಯ ಮೇಲೆ ಒಂದು ಚುಕ್ಕೆಯನ್ನಿಡುವಾಗ, ಅದು ಜ್ವರದಲ್ಲಿ ಮಲಗಿದ ಒಬ್ಬ ಹುಡುಗನೆಂದೂ, ಅವನ ತಾಯಿಯು ನಿಮ್ಮನ್ನು ನಂಬಿ ಆ ಸುದ್ದಿಯನ್ನು ಕೊಟ್ಟಳೆಂದೂ ನೆನೆಯಿರಿ. ಆ ನಂಬಿಕೆಯು ಉಳಿದಷ್ಟು ದಿನ ಮಾತ್ರ ನಿಮ್ಮ ಅಂಕೆಗಳು ನಿಜವಾಗಿರುವುವು.

ಅಭ್ಯಾಸ

೧. ಒಂದು ಶಾಲೆಯ ೨೪೦ ಮಕ್ಕಳಲ್ಲಿ ೧೨ ಮಂದಿಗೂ, ಇನ್ನೊಂದರ ೬೦ ಮಕ್ಕಳಲ್ಲಿ ೬ ಮಂದಿಗೂ ಕೆಪ್ಪಟೆರಾಯ ಬಂದಿದೆ. ನೂರು ಮಕ್ಕಳಿಗೆ ಎಷ್ಟೆಂದು ಲೆಕ್ಕಹಾಕಿ, ಯಾವ ಶಾಲೆಗೆ ವೈದ್ಯರು ಮೊದಲು ಹೋಗಬೇಕೆಂದು ಹೇಳಿರಿ.

೨. ೨, ೭, ೩, ೧೮, ೫ ಇವುಗಳ ಸರಾಸರಿಯನ್ನೂ ಮಧ್ಯಾಂಕವನ್ನೂ ಕಂಡುಹಿಡಿಯಿರಿ. ಎರಡರ ನಡುವಣ ಅಂತರಕ್ಕೆ ಕಾರಣವೇನು?

೩. ‘ಸೊನ್ನೆ’ಗೂ ‘ವರದಿ ಬಂದಿಲ್ಲ’ ಎಂಬುದಕ್ಕೂ ಇರುವ ಭೇದವನ್ನು ನಿಮ್ಮ ದಿನಚರಿಯ ಒಂದು ಉದಾಹರಣೆಯಿಂದ ವಿವರಿಸಿರಿ.

೪. ನಿಮ್ಮ ವಾರ್ಡಿಗೆ ಒಂದು ಸೂಚನಾಫಲಕವನ್ನು ಕಾಗದದ ಮೇಲೆ ಬರೆಯಿರಿ. ಅದನ್ನು ನಿಮ್ಮ ಅಜ್ಜಿಗೆ ತೋರಿಸಿ, ‘ಇದನ್ನು ನೋಡಿ ನೀವೇನು ಮಾಡುವಿರಿ?’ ಎಂದು ಕೇಳಿರಿ. ಅವರಿಗೆ ಉತ್ತರ ಹೊಳೆಯದಿದ್ದರೆ ಫಲಕವನ್ನು ತಿದ್ದಿರಿ.